ಗ್ರಾಮ ಸಭೆಯಲ್ಲಿ ಎದ್ದು ಕೇಳಿದ ಅಕ್ಕನ ಜೊತೆ ನಿಲ್ಲುವುದು ಹೇಗೆ?

ಸಣ್ಣ ತೋಟ ಬರೆದದ್ದು:

ನಮಸ್ಕಾರ. ನಾನು ಕೊಡಗಿನ ಸೋಮವಾರಪೇಟೆ ಕಡೆಯವನು. ಎರಡೂವರೆ ಎಕರೆ ಕಾಫಿ, ಮಧ್ಯೆ ಸ್ವಲ್ಪ ಮೆಣಸು, ಅಷ್ಟೇ ಆಸ್ತಿ. ಊರಿನ ಹೆಸರು, ಪಂಚಾಯಿತಿ ಹೆಸರು ಹಾಕುತ್ತಿಲ್ಲ. ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ.

ನಮ್ಮ ಊರಿನ ಅಂಚಿಗೆ ಒಂದು ತುಂಡು ಪೈಸಾರಿ, ಅಂದರೆ ಸರ್ಕಾರಿ ಜಾಗ, ಇದೆ. ಲೈನ್ ಮನೆಯವರು (ತೋಟದ ಮಾಲೀಕರು ಕೂಲಿಗಳಿಗೆ ಕೊಟ್ಟ ಸಾಲುಮನೆಯವರು), ಕಾಲೋನಿಯವರು ಯಾರಾದರೂ ತೀರಿಕೊಂಡರೆ ಮಣ್ಣು ಮಾಡುವುದು ಅಲ್ಲೇ. ಸ್ವಂತ ಜಮೀನು ಇರುವವರು ತಮ್ಮ ಜಾಗದಲ್ಲೇ ಮಾಡುತ್ತಾರೆ, ಅವರಿಗೆ ಎಲ್ಲಿದೆ ಜಾಗ? ಹೋದ ಮಳೆಗಾಲಕ್ಕೆ ಮುಂಚೆ ಅಲ್ಲಿಗೆ ಬೇಲಿ ಬಂತು. ಕಲ್ಲುಕಂಬ, ಮುಳ್ಳುತಂತಿ, ಒಳಗೆ ಸಿಲ್ವರ್ ಓಕ್ ಸಸಿ. ಹಾಕಿಸಿದ್ದು ಯಾರು ಅಂತ ಊರಿಗೆಲ್ಲ ಗೊತ್ತು, ರಾಜಕೀಯದಲ್ಲಿ ಕೈ ಉದ್ದ ಇರುವವರ ಹತ್ತಿರದ ನೆಂಟ. ಯಾವ ಪಕ್ಷ ಅಂತ ದಯವಿಟ್ಟು ಕೇಳಬೇಡಿ, ಸರ್ಕಾರ ಬದಲಾದಾಗಲೆಲ್ಲ ಅವರ ಜೀಪಿನ ಬಾವುಟವೂ ಬದಲಾಗಿದೆ.

ಕಕ್ಕಡ ತಿಂಗಳ ಮಳೆಯಲ್ಲಿ ಲೈನಿನ ಒಬ್ಬ ಅಜ್ಜ ತೀರಿಕೊಂಡರು. ಹೊತ್ತುಕೊಂಡು ಹೋದವರು ಬೇಲಿ ಮುಂದೆ ನಿಂತರು. ಗೇಟಿಗೆ ಬೀಗ. ಕೀ ತೋಟದ ರೈಟರ್ (ಗುಮಾಸ್ತ) ಹತ್ತಿರ ಇದೆ ಅಂದರು, ರೈಟರ್ ಫೋನ್ ಎತ್ತಲಿಲ್ಲ. ಚಟ್ಟದ ಮೇಲೆ ಟಾರ್ಪಾಲು ಹೊದಿಸಿ, ಜಿಗಣೆ ಕಿತ್ತುಕೊಳ್ಳುತ್ತಾ ಅಷ್ಟು ಹೊತ್ತು ಕಾದು, ಕೊನೆಗೆ ಹೊಳೆ ಬದಿಗೆ ಹೊತ್ತುಕೊಂಡು ಹೋಗಿ ಹೂತರು. ನಾನೂ ಹೋಗಿದ್ದೆ.

ಆಮೇಲೆ ಗ್ರಾಮ ಸಭೆ ಬಂತು. ಎಂದಿನಂತೆ ಫಲಾನುಭವಿಗಳ ಪಟ್ಟಿ, ಬೀದಿ ದೀಪ, ಕಾಡಾನೆ ಅಂತ ಮಾತು ನಡೆಯುತ್ತಿತ್ತು. ಲೈನಿನಿಂದ ಕಾಫಿ ಕೊಯ್ಲಿಗೆ ಬರುವ ಒಬ್ಬ ಅಕ್ಕ ಎದ್ದು ನಿಂತು "ಆ ಜಾಗ ಯಾರದ್ದು, ಕಾಗದ ತೋರಿಸಿ" ಅಂದರು. ಅಧ್ಯಕ್ಷರು ಅದು ಕಂದಾಯ ಇಲಾಖೆ ವಿಷಯ, ಇಲ್ಲಿ ಬೇಡ ಅಂದರು. ಅಕ್ಕ ಕೂರಲಿಲ್ಲ. ಮೈಕ್ ಆಫ್ ಆಯಿತು. ಅವರು ಮೈಕ್ ಇಲ್ಲದೆ ಮುಂದುವರಿಸಿದರು: "ಬದುಕಿರುವಾಗ ಮನೆ ಸಾಹುಕಾರರದ್ದು, ಸರಿ. ಸತ್ತ ಮೇಲೆ ಆರಡಿಯೂ ಅವರದ್ದೇನಾ?" ಇಡೀ ಹಾಲ್ ಸುಮ್ಮನಾಯಿತು. ನೋಡಲ್ ಅಧಿಕಾರಿ ತಲೆ ತಗ್ಗಿಸಿ ಮೊಬೈಲ್ ನೋಡುತ್ತಿದ್ದರು.

ಈಗ ಅವರಿಗೆ ಕೆಲಸ ಇಲ್ಲ. ಮೇಸ್ತ್ರಿ "ನಾಳೆಯಿಂದ ಬರಬೇಡ" ಅಂದಿದ್ದಾನೆ. ಕೊಯ್ಲು ಮುಗಿದ ಮೇಲೆ ಮನೆ ಖಾಲಿ ಮಾಡಬೇಕಂತೆ. ನರೇಗಾ ಕೆಲಸ ಕೇಳಲು ಹೋದರೆ ಜಾಬ್ ಕಾರ್ಡ್ ಸಿಸ್ಟಂನಲ್ಲಿ ಕಾಣುತ್ತಿಲ್ಲ ಅಂದರಂತೆ. ಊರಲ್ಲಿ ಎಲ್ಲರೂ ಅಂಗಡಿ ಹಿಂದೆ ನಿಂತು ಅವರನ್ನು ಹೊಗಳುತ್ತಾರೆ, ಅಂಗಡಿ ಮುಂದೆ ಯಾರೂ ಮಾತಾಡುವುದಿಲ್ಲ.

ನನ್ನ ಪ್ರಶ್ನೆ ಎರಡು. ನಮ್ಮ ಜಿಲ್ಲೆಯಲ್ಲಿ ಹೀಗೆ ಹಣ, ಹೆಸರು ಏನೂ ಇಲ್ಲದವರು ನಿಂತು ಗೆದ್ದದ್ದು ಇದೆಯಾ? ಮತ್ತೆ, ಈ ಅಕ್ಕನಿಗೆ ಇನ್ನೂ ಜಾಸ್ತಿ ತೊಂದರೆ ಆಗದ ಹಾಗೆ ಅವರ ಜೊತೆ ನಿಲ್ಲುವುದು ಹೇಗೆ? ಧೈರ್ಯ ತುಂಬುವ ಮಾತು ಬೇಡ, ಮಾಡಲು ಆಗುವಂಥದ್ದು ಹೇಳಿ.

---

ಮಂಜಿನಹನಿ:

ಅಣ್ಣ, ವಿಡಿಯೋ ಇದೆಯಾ? ಅಕ್ಕ ಮಾತಾಡಿದ್ದು ಯಾರಾದರೂ ರೆಕಾರ್ಡ್ ಮಾಡಿರುತ್ತಾರೆ. ಎಲ್ಲಾ ಗ್ರೂಪಿಗೆ ಹಾಕಿ, ಚಾನೆಲ್‌ನವರು ತಾವಾಗಿ ಬರುತ್ತಾರೆ. ಎರಡು ದಿನದಲ್ಲಿ ಬೇಲಿ ಮಾಯ.

---

ಲೈನ್ ಮನೆ ಮಗಳು:

@ಮಂಜಿನಹನಿ ಮೂರನೇ ದಿನ ಚಾನೆಲ್‌ನವರು ಹೋಗಿರುತ್ತಾರೆ, ಅಕ್ಕ ಅದೇ ಲೈನಿನಲ್ಲಿ ಇರುತ್ತಾರೆ. ಅವರನ್ನು ಕೇಳದೆ ವಿಡಿಯೋ ಹಾಕಬೇಡಿ. ಉಳಿದದ್ದು ಆಮೇಲೆ ಬರೆಯುತ್ತೇನೆ, ಈಗ ಡ್ಯೂಟಿಯಲ್ಲಿದ್ದೇನೆ.

---

ಕಿಗ್ಗಟ್ಟುನಾಡು:

ಮೊದಲ ಪ್ರಶ್ನೆಗೆ ಉತ್ತರ: ಇದೆ. ದಿಡ್ಡಳ್ಳಿ ಮರೆತುಹೋಯಿತಾ?

ಮಾಲ್ದಾರೆ ಪಂಚಾಯಿತಿಯ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರ್‌ನಲ್ಲಿ ಅರಣ್ಯ ಇಲಾಖೆ ಪೊಲೀಸರನ್ನು ಕರೆದುಕೊಂಡು ಬಂದು ಆದಿವಾಸಿಗಳ ಗುಡಿಸಲು ಕಿತ್ತುಹಾಕಿತು. 500ಕ್ಕೂ ಹೆಚ್ಚು ಕುಟುಂಬ. ಅವರಲ್ಲಿ ಜಾಸ್ತಿ ಜನ ಯಾರು ಗೊತ್ತಲ್ಲ, ತಲೆಮಾರಿನಿಂದ ತೋಟಗಳ ಲೈನ್ ಮನೆಯಲ್ಲಿ ಇದ್ದವರು. ಅಲ್ಲಿಂದ ಹೊರಗೆ ಬಂದು ಸ್ವಂತಕ್ಕೆ ಒಂದು ಗುಡಿಸಲು ಹಾಕಿಕೊಂಡಿದ್ದರು. ಡಿಸೆಂಬರ್ ಚಳಿಯಲ್ಲಿ ಮಕ್ಕಳು ಮರದ ಕೆಳಗೆ. ಜೆ.ಕೆ. ಮುತ್ತಮ್ಮ ಎಂಬ ಆದಿವಾಸಿ ಮಹಿಳೆ ಮರ ಹತ್ತಿ ಕೂತರು. ಅದು ಇಡೀ ರಾಜ್ಯಕ್ಕೆ ಸುದ್ದಿಯಾಯಿತು. ಬೆಂಗಳೂರಿನಿಂದ ಹಿರಿಯ ಸ್ವಾತಂತ್ರ್ಯ ಹೋರಾಟಗಾರ ದೊರೆಸ್ವಾಮಿಯವರೂ ಬೆಂಬಲಕ್ಕೆ ನಿಂತರು, ಮಂತ್ರಿಗಳು ಬಂದರು, ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಕುಶಾಲನಗರ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ನಿವೇಶನ, ಮನೆ ಕೊಟ್ಟರು.

ಪೂರ್ತಿ ಗೆಲುವು ಅಂತ ಹೇಳುವುದಿಲ್ಲ. ಕೇಳಿದ್ದು ದಿಡ್ಡಳ್ಳಿಯಲ್ಲೇ ಜಾಗ, ಸಿಕ್ಕಿದ್ದು ಬೇರೆ ಕಡೆ. ಆದರೆ "ಇವರಿಗೆ ಏನೂ ಕೊಡಲು ಆಗುವುದಿಲ್ಲ" ಅಂತ ಶುರುವಾದ ಮಾತು ಮನೆ ಕಟ್ಟಿಕೊಡುವಲ್ಲಿಗೆ ಬಂತು ಅಲ್ವಾ.

ಇನ್ನೂ ಹಳೆಯದು ಬೇಕಾದರೆ, 1990ರ ದಶಕದಲ್ಲಿ ನಾಗರಹೊಳೆ ಕಾಡಿನ ಒಳಗೆ ಒಂದು ದೊಡ್ಡ ಹೋಟೆಲ್ ಕಂಪನಿಗೆ ಸರ್ಕಾರ ರೆಸಾರ್ಟ್ ಮಾಡಲು ಜಾಗ ಕೊಟ್ಟಿತ್ತು. ಹಾಡಿಯ ಆದಿವಾಸಿಗಳನ್ನು ಹೊರಗೆ ಹಾಕುವ ಅದೇ ಕಾಡಿನಲ್ಲಿ ಪ್ರವಾಸಿಗರಿಗೆ ಹಾಸಿಗೆ! ಹಾಡಿಯವರು ದಾರಿಗೆ ಅಡ್ಡ ಕೂತರು, ಇನ್ನೊಂದು ಕಡೆ ಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟ್ ಅದನ್ನು ನಿಲ್ಲಿಸಿತು. ಮುಗಿದ ಕಥೆಯಲ್ಲ ಅದು, 2025ರ ಮೇನಲ್ಲಿ 52 ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ವಾಪಸ್ ಹೋಗಿ, ಇದು ನಮ್ಮ ಹಿರಿಯರ ಜಾಗ, 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ನಮಗೆ ಸೇರಬೇಕು ಅಂತ ಕೂತವು.

---

ಕರಿಮೆಣಸು:

ಏನೂ ಆಗುವುದಿಲ್ಲ ಸ್ವಾಮಿ. ಬೇಜಾರು ಮಾಡಿಕೊಳ್ಳಬೇಡಿ, ಇದ್ದದ್ದು ಹೇಳುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ದೇವರ ಜಾಗಕ್ಕೇ ದಿಕ್ಕಿಲ್ಲ. ದೇವರಕಾಡುಗಳ ಲೆಕ್ಕ ನೋಡಿ, 1905ರಲ್ಲಿ ಸುಮಾರು 15,500 ಎಕರೆ ಇದ್ದದ್ದು 1985ಕ್ಕೆ ಸುಮಾರು 6,300 ಎಕರೆಗೆ ಬಂತು. ಉಳಿದದ್ದು ಆಕಾಶಕ್ಕೆ ಹಾರಿತಾ? ತೋಟ ಆಯಿತು. ವರ್ಷಕ್ಕೊಮ್ಮೆ ಹಬ್ಬಕ್ಕೆ ಹೋಗಿ ಕೈಮುಗಿಯುವವರೇ ಬೇಲಿ ಸರಿಸಿದ್ದು. ಆ ಕಾಡಿನ ದೇವರು ಅಯ್ಯಪ್ಪನಿಗೇ ಇಲ್ಲದ ನ್ಯಾಯ ಲೈನ್ ಮನೆ ಅಜ್ಜನಿಗೆ ಸಿಗುತ್ತದಾ. ಆ ಅಕ್ಕನಿಗೆ ಬೇರೆ ತೋಟದಲ್ಲಿ ಕೆಲಸ ಕೊಡಿಸಿ, ಅದು ದೊಡ್ಡ ಉಪಕಾರ.

---

ಹಳೇ ಕಡತ:

ಕರಿಮೆಣಸು ಅವರು ಹೇಳಿದ ಕೊನೇ ಮಾತು ಸರಿ, ಕೆಲಸ ಮೊದಲು ಕೊಡಿಸಿ. ಹೊಟ್ಟೆ ಖಾಲಿ ಇಟ್ಟುಕೊಂಡು ಯಾರೂ ಕಚೇರಿ ಅಲೆಯಲು ಆಗುವುದಿಲ್ಲ. ಉಳಿದದ್ದನ್ನು ಒಪ್ಪುವುದಿಲ್ಲ. ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು ನಾನು. ಟೇಬಲ್‌ನ ಆ ಕಡೆಯಿಂದ ನೋಡಿದ್ದನ್ನು ಹೇಳುತ್ತೇನೆ. ಕೂಗಾಡಿ ಹೋದವರನ್ನು ಕಚೇರಿ ಸಂಜೆಯೊಳಗೆ ಮರೆಯುತ್ತದೆ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಹೋದವನನ್ನು ಮರೆಯಲು ಆಗುವುದಿಲ್ಲ, ಅವನ ಕಾಗದಕ್ಕೆ ಒಂದು ನಂಬರ್ ಇರುತ್ತದೆ, ಆ ನಂಬರಿಗೆ ಒಬ್ಬ ಉತ್ತರ ಕೊಡಲೇಬೇಕು.

ಮೊದಲು ಜಾಗ ಯಾವುದು ಅಂತ ಖಚಿತ ಮಾಡಿಕೊಳ್ಳಿ. ದಿಶಾಂಕ್ ಆ್ಯಪ್ ಹಾಕಿಕೊಂಡು ಬೇಲಿ ಪಕ್ಕ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ (ನೆಟ್‌ವರ್ಕ್ ಇದ್ದರೆ! ಇಲ್ಲದಿದ್ದರೆ ಸಿಗ್ನಲ್ ಸಿಗುವ ದಿಬ್ಬ ಹತ್ತಿ ಮ್ಯಾಪ್‌ನಲ್ಲಿ ಹುಡುಕಿ). ಆ ನಂಬರಿನ ಪಹಣಿ ತೆಗೆಸಿ. ಸರ್ಕಾರಿ ಪೈಸಾರಿ ಅಂತ ಬಂದರೆ ಅರ್ಧ ಕೆಲಸ ಆಯಿತು. ಸ್ಮಶಾನಕ್ಕೆ ಅಂತ ಹಿಂದೆಯೇ ಕಾದಿರಿಸಿದ್ದಾರಾ ಅನ್ನುವುದು ತಾಲೂಕು ಕಚೇರಿ ಕಡತದಲ್ಲಿ ಇರುತ್ತದೆ. ಭೂಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಹಾಗೆ ಕಾದಿರಿಸಿದ ಜಾಗವನ್ನು ಜಿಲ್ಲಾಧಿಕಾರಿ ಅನುಮತಿ ಇಲ್ಲದೆ ಬೇರೆಯದಕ್ಕೆ ಬಳಸುವಂತಿಲ್ಲ. ಕಾದಿರಿಸಿಲ್ಲ ಅಂದರೆ ಈಗ ಕಾದಿರಿಸಿ ಅಂತ ಅರ್ಜಿ ಕೊಡಿ. ಒತ್ತುವರಿ ತೆರವಿಗೆ 104ನೇ ಕಲಂ ಇದೆ.

ಆಮೇಲೆ ಮಾಹಿತಿ ಹಕ್ಕು ಅರ್ಜಿ, ತಹಶೀಲ್ದಾರ್ ಕಚೇರಿಗೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಲ್ಲಿ 150 ಪದದೊಳಗೆ, ಒಂದು ಅರ್ಜಿಗೆ ಒಂದೇ ವಿಷಯ. "ಯಾಕೆ ಬಿಟ್ಟಿರಿ, ಯಾರ ಒತ್ತಡ" ಅಂತ ಬರೆದರೆ ಅದು ಮಾಹಿತಿಯಲ್ಲ ಅಂತ ತಿರಸ್ಕರಿಸುತ್ತಾರೆ. ಕಾಗದ ಕೇಳಿ: ಇಂಥ ಸರ್ವೆ ನಂಬರಿನ ಪಹಣಿ, ಸ್ಕೆಚ್, ಮಂಜೂರಾತಿ ಅಥವಾ ಗುತ್ತಿಗೆ ಆದೇಶ ಇದ್ದರೆ ಅದರ ನಕಲು, ಒತ್ತುವರಿ ಬಗ್ಗೆ ಬಂದ ದೂರು ಮತ್ತು ಕೈಗೊಂಡ ಕ್ರಮದ ಕಡತ. 30 ದಿನ ಕಾಯಿರಿ. ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಸುಮ್ನೆ ಸತಾಯಿಸಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಬೀಳಬಹುದು, ಅದು ಅವರ ಸಂಬಳದಿಂದ ಹೋಗುತ್ತದೆ. ಅದಕ್ಕೇ ಹೆದರುತ್ತಾರೆ.

ಈಗ ಒಂದು ಮುಖ್ಯ ವಿಷಯ. ಕಾಫಿ ಬೆಳೆಗಾರರು ಹಿಂದಿನಿಂದ ಸಾಗುವಳಿ ಮಾಡಿಕೊಂಡು ಬಂದ ಸರ್ಕಾರಿ ಜಾಗವನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆಗೆ ಕೊಡಲು ಸರ್ಕಾರ ಅವಕಾಶ ಮಾಡಿದೆ. ನಿಮ್ಮ ಬೇಲಿಯ ಯಜಮಾನರು ಅದಕ್ಕೆ ಅರ್ಜಿ ಹಾಕಿದ್ದಾರಾ ನೋಡಿ. ಸಸಿ ಇನ್ನೂ ಮೊಣಕಾಲುದ್ದ ಇರುವಾಗಲೇ ಫೋಟೋ ತೆಗೆದಿಡಿ, ತಾರೀಖು ಕಾಣುವ ಹಾಗೆ. ನಾಲ್ಕು ವರ್ಷ ಬಿಟ್ಟು ಇದು ಅಜ್ಜನ ಕಾಲದ ತೋಟ ಅನ್ನುತ್ತಾರೆ. ತಕರಾರು ಅರ್ಜಿ ಈಗಲೇ ಕೊಟ್ಟಿಡಿ.

ಗ್ರಾಮ ಸಭೆ ವಿಷಯ. ಮೈಕ್ ಆಫ್ ಮಾಡಬಹುದು, ನಡಾವಳಿ ಪುಸ್ತಕ ಆಫ್ ಮಾಡಲು ಆಗುವುದಿಲ್ಲ. ಅಕ್ಕ ಕೇಳಿದ ಪ್ರಶ್ನೆ ಅದರಲ್ಲಿ ಬರೆದಿದ್ದಾರಾ? ಪಿಡಿಒ ಹತ್ತಿರ ನಕಲು ಕೇಳಿ. ಬರೆದಿಲ್ಲ ಅಂದರೆ ಅವತ್ತು ಹಾಜರಿ ಹಾಕಿದವರು ಸೇರಿ ಲಿಖಿತವಾಗಿ ಆಕ್ಷೇಪಣೆ ಕೊಡಿ, ಒಂದು ಪ್ರತಿ ತಾಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ).

ಈ ಮಾಹಿತಿ ಹಕ್ಕು ಕಾಯ್ದೆ ದೆಹಲಿಯವರು ಕೂತು ಯೋಚಿಸಿ ಕೊಟ್ಟದ್ದಲ್ಲ. ರಾಜಸ್ಥಾನದ ಹಳ್ಳಿಗಳಲ್ಲಿ ಬರ ಪರಿಹಾರದ ಕೆಲಸ ಮಾಡಿದ ಕೂಲಿಗಳಿಗೆ ಪೂರ್ತಿ ಕೂಲಿ ಕೊಡುತ್ತಿರಲಿಲ್ಲ. ಅವರು ಹಾಜರಿ ಪುಸ್ತಕ ತೋರಿಸಿ ಅಂತ ಕೂತರು. 1994ರಲ್ಲಿ ಊರ ಬಯಲಲ್ಲಿ ಶಾಮಿಯಾನ ಹಾಕಿ ಲೆಕ್ಕ ಓದಿಸಿದರು, 1996ರಲ್ಲಿ ಬ್ಯಾವರ್ ಪೇಟೆಯಲ್ಲಿ 40 ದಿನ ಧರಣಿ ಕೂತರು. ಸತ್ತವರ ಹೆಸರಲ್ಲೂ ಕೂಲಿ ಎಳೆದದ್ದು ಹೊರಗೆ ಬಂತು. 2005ರ ಕಾಯ್ದೆಯ ಬೇರು ಅಲ್ಲಿದೆ. ನಿಮ್ಮ ಅಕ್ಕ ಕೇಳಿದ್ದೂ ಅದನ್ನೇ, ಕಾಗದ ತೋರಿಸಿ ಅಂತ.

---

ಕೋಟೆಬಾಗಿಲು:

ಇತಿಹಾಸದ ಮೇಷ್ಟ್ರು ನಾನು, ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಕ್ಷಮಿಸಿ. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ತೆಗೆದುಕೊಂಡಿತು. ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ನಾಣ್ಯದಲ್ಲೇ ಕೊಡಬೇಕು ಅಂತಾಯಿತು. ಉಪ್ಪು, ಹೊಗೆಸೊಪ್ಪಿನ ಮೇಲಿನ ಹಿಡಿತ ಬೇರೆ. 1837ರಲ್ಲಿ ಅಮರ ಸುಳ್ಯದ ರೈತರು ದಂಗೆ ಎದ್ದು ಮಂಗಳೂರಿನವರೆಗೂ ಹೋದರು, ಸುಮಾರು ಎರಡು ವಾರ ಅಲ್ಲಿ ಅವರದ್ದೇ ಬಾವುಟ. ಆಮೇಲೆ ಹಿಡಿದು ತಂದರು. ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಆ ವರ್ಷ ಅಕ್ಟೋಬರ್ 31ಕ್ಕೆ ಮಡಿಕೇರಿ ಕೋಟೆ ಹತ್ತಿರ ಗಲ್ಲಿಗೇರಿಸಿದರು. ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ.

ಮಕ್ಕಳಿಗೆ ಇದನ್ನು ಹೇಳುವಾಗ ಇನ್ನೊಂದನ್ನೂ ಹೇಳುತ್ತೇನೆ. ಅದೇ ದಂಗೆ ಅಡಗಿಸಲು ಕಂಪನಿಗೆ ನೆರವಾದವರಿಗೆ ಪದಕ ಸಿಕ್ಕಿತು. ಚಿನ್ನದ್ದೂ ಇತ್ತು, ಬೆಳ್ಳಿಯದ್ದೂ ಇತ್ತು. ಅಧಿಕಾರ ಯಾವ ಕಾಲದಲ್ಲೂ ಊರಿನವರ ಕೈಯಿಂದಲೇ ಊರಿನವರನ್ನು ಸುಮ್ಮನಾಗಿಸುತ್ತದೆ. ನಿಮ್ಮ ಮೇಸ್ತ್ರಿಯೂ ಲೈನ್ ಮನೆಯಲ್ಲೇ ಇರುವವನಲ್ವಾ?

---

ನಿರ್ವಾಹಕ: ಮೇಲಿನ ಪೋಸ್ಟಿಗೆ ಯಾವ ಜಾತಿಯವರಿಗೆ ಪದಕ, ಯಾರಿಗೆ ನೇಣು ಅಂತ ಶುರುವಾದ ನಾಲ್ಕು ಉತ್ತರ ತೆಗೆದಿದ್ದೇನೆ. ಪ್ರಶ್ನೆಗೆ ಬನ್ನಿ.

---

ಲೈನ್ ಮನೆ ಮಗಳು:

ಡ್ಯೂಟಿ ಮುಗಿಯಿತು. ನಾನು ಹುಟ್ಟಿದ್ದು ಬೆಳೆದದ್ದು ಲೈನಿನಲ್ಲಿ, ಈಗ ನರ್ಸ್. ಅಮ್ಮ ಇನ್ನೂ ಅಲ್ಲೇ ಇದ್ದಾರೆ. ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಸಣ್ಣ ತೋಟದ ಅಣ್ಣ ಬೇಸರ ಮಾಡಿಕೊಳ್ಳಬೇಡಿ.

ಇಲ್ಲಿ ಎಲ್ಲರೂ ಅಕ್ಕ ಎಷ್ಟು ಧೈರ್ಯವಂತೆ ಅಂತ ಬರೆದಿದ್ದೀರಿ. ಲೈನಿನಲ್ಲಿ ಮನೆ ಹೋಗುತ್ತದೆ ಅಂದರೆ ಏನು ಗೊತ್ತಾ? ಮನೆ ಹೋದರೆ ವಿಳಾಸ ಹೋಗುತ್ತದೆ. ರೇಷನ್ ಕಾರ್ಡ್, ಮಕ್ಕಳ ಶಾಲೆ, ವೋಟರ್ ಲಿಸ್ಟ್, ಎಲ್ಲ ಆ ಒಂದು ವಿಳಾಸದ ಮೇಲಿದೆ. ಸಾಹುಕಾರರ ಹತ್ತಿರ ಮುಂಗಡ ತೆಗೆದುಕೊಂಡಿದ್ದರೆ ಅದನ್ನೂ ಅವತ್ತೇ ಕಟ್ಟು ಅನ್ನುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ಅವರು ಎದ್ದು ನಿಂತರು. ಈಗ ಎರಡನೇ ಸಲವೂ ಅವರೇ ನಿಲ್ಲಬೇಕು, ಮೂರನೇ ಸಲವೂ ಅವರೇ, ನಾವು ಹೀರೋ ಅಂತ ಚಪ್ಪಾಳೆ ತಟ್ಟುವುದು, ಹಾಗಾ?

ಅಣ್ಣ, ನಿಮ್ಮ ಮನೆ ನಿಮ್ಮ ಹೆಸರಲ್ಲಿದೆ. ನಿಮ್ಮನ್ನು ಯಾವ ಮೇಸ್ತ್ರಿಯೂ ನಾಳೆ ಬರಬೇಡ ಅನ್ನುವುದಿಲ್ಲ. ಜಾಸ್ತಿ ಅಂದರೆ ಮದುವೆಗೆ ಕರೆಯುವುದಿಲ್ಲ, ಸೊಸೈಟಿಯಲ್ಲಿ ಗೊಬ್ಬರ ತಡ ಮಾಡುತ್ತಾರೆ. ಹಾಗಾಗಿ ಹಳೇ ಕಡತ ಸಾರ್ ಹೇಳಿದ ಅರ್ಜಿಗಳೆಲ್ಲ ನಿಮ್ಮ ಹೆಸರಲ್ಲಿ ಹೋಗಲಿ. ನಿಮ್ಮ ಜೊತೆ ಇನ್ನೂ ಐದಾರು ಜಮೀನಿರುವವರು ಸಹಿ ಹಾಕಲಿ. ಮಾಹಿತಿ ಹಕ್ಕಿನಲ್ಲಿ ಬಿಪಿಎಲ್ ಕಾರ್ಡಿನವರಿಗೆ ಫೀಸ್ ಇಲ್ಲ ಅಂತ ಯಾರಾದರೂ ಅಕ್ಕನ ಕೈಯಲ್ಲೇ ಹಾಕಿಸಿ ಅನ್ನಬಹುದು. ಹತ್ತು ರೂಪಾಯಿ ಉಳಿಸಲು ಅವರನ್ನು ಮತ್ತೆ ಮುಂದಕ್ಕೆ ತಳ್ಳಬೇಡಿ.

ಅಕ್ಕನಿಗೆ ಬೇರೆ ಮೂರು ಕೆಲಸ ಆಗಬೇಕು. ಜಾಬ್ ಕಾರ್ಡ್ ಕಾಣುತ್ತಿಲ್ಲ ಅನ್ನುವುದನ್ನು ಬಾಯಲ್ಲಿ ಕೇಳಿಕೊಂಡು ಬರಬೇಡಿ, ಕೆಲಸ ಬೇಕು ಅಂತ ಬರೆದುಕೊಟ್ಟು ತಾರೀಖು ಹಾಕಿದ ರಸೀದಿ ತೆಗೆದುಕೊಳ್ಳಿ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಮನೆ ಖಾಲಿ ಮಾಡು ಅನ್ನುವುದಕ್ಕೆ ಮುಂಚೆಯೇ ಹೋಗಿ ಬರಲಿ, ಸಾಮಾನು ಅಂಗಳಕ್ಕೆ ಬಿದ್ದ ಮೇಲೆ ಅಲ್ಲ. ಅಕ್ಕ ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದಾ ಅಂತಲೂ ಆ ವಕೀಲರನ್ನೇ ಕೇಳಿ. ಅಲ್ಲಿಗೆ ಹೋಗುವ ದಿನ ಅವರ ಜೊತೆ ಒಬ್ಬರು ಹೋಗಿ, ಬಸ್ ಚಾರ್ಜ್ ಮತ್ತು ಅವತ್ತಿನ ಕೂಲಿ ಯಾರಾದರೂ ಕೊಡಿ. ಹೋರಾಟ ಅರ್ಧಕ್ಕೆ ನಿಲ್ಲುವುದು ಹೆದರಿಕೆಗಿಂತ ಜಾಸ್ತಿ ಈ ಕೂಲಿ ತಪ್ಪುವುದರಿಂದ. ದಿಡ್ಡಳ್ಳಿಯಲ್ಲೂ ಮರ ಹತ್ತಿದ ಫೋಟೋ ಎಲ್ಲರೂ ನೋಡಿದರು, ಅಷ್ಟು ತಿಂಗಳು ಅಲ್ಲಿ ಒಲೆ ಹೇಗೆ ಉರಿಯಿತು ಅಂತ ಯಾರು ಕೇಳಿದರು?

---

ಕರಿಮೆಣಸು:

@ಲೈನ್ ಮನೆ ಮಗಳು ಸರಿಯಾಗಿ ಹೇಳಿದೆ ತಂಗಿ. ಏನೂ ಆಗುವುದಿಲ್ಲ ಅನ್ನುವ ನನ್ನ ಮಾತು ಹಾಗೇ ಇರಲಿ, ಆದರೆ ಆ ಅಕ್ಕನಿಗೆ ಕೊಯ್ಲು ಮುಗಿಯುವವರೆಗೆ ನಮ್ಮ ತೋಟದಲ್ಲಿ ಕೆಲಸ ಇದೆ. ನಾನೂ ಸೋಮವಾರಪೇಟೆ ತಾಲೂಕಿನವನೇ. ಸಣ್ಣ ತೋಟದವರು ಮೆಸೇಜ್ ಮಾಡಿ, ಜೀಪ್ ಕಳಿಸುತ್ತೇನೆ.

---

ಸಣ್ಣ ತೋಟ:

ಎಲ್ಲರಿಗೂ ಥ್ಯಾಂಕ್ಸ್. ಕರಿಮೆಣಸು ಅಣ್ಣನಿಗೆ ಮೆಸೇಜ್ ಮಾಡಿದ್ದೇನೆ. ಅಕ್ಕನ ಹತ್ತಿರ ಮಾತಾಡಿದೆ, ವಿಡಿಯೋ ಬೇಡ ಅಂದರು, ಅರ್ಜಿ ಹಾಕಿ ಅಂದರು. ಅರ್ಜಿ ನನ್ನ ಹೆಸರಲ್ಲೇ. ಸಹಿ ಕೇಳಲು ಹೋದರೆ ಒಬ್ಬರು ಮಗನ ವರ್ಗಾವಣೆ ಇದೆ ಅಂದರು, ಇನ್ನೊಬ್ಬರು ಕನ್ನಡಕ ಸಿಗುತ್ತಿಲ್ಲ ಅಂದರು (ಕಣ್ಣಿನ ಮೇಲೇ ಇತ್ತು). ಮೂರು ಮನೆಯವರು ಹಾಕಿದ್ದಾರೆ, ಅದರಲ್ಲಿ ನಾನು ಎಣಿಸದೇ ಇದ್ದ ಒಬ್ಬರು, ಬೇಲಿಯವರ ಸ್ವಂತ ಚಿಕ್ಕಪ್ಪ! ಹೊಳೆ ಬದಿ ಹೂತದ್ದು ಸರಿಯಾಗಲಿಲ್ಲ ಅಂತ ಅಷ್ಟೇ ಹೇಳಿ ಸಹಿ ಮಾಡಿದರು.

ದಿಶಾಂಕ್‌ನಲ್ಲಿ ಸರ್ವೆ ನಂಬರ್ ಸಿಕ್ಕಿತು, ಪಹಣಿಯಲ್ಲಿ ಸರ್ಕಾರಿ ಪೈಸಾರಿ ಅಂತಲೇ ಇದೆ. ಸಸಿಗಳ ಫೋಟೋ ತೆಗೆದಿದ್ದೇನೆ. ನಡಾವಳಿ ನಕಲಿಗೆ ಬರೆದುಕೊಟ್ಟಿದ್ದೇನೆ, ಪಿಡಿಒ ರಜೆಯಲ್ಲಿದ್ದಾರಂತೆ, ಸ್ವೀಕೃತಿ ಮಾತ್ರ ಹಾಕಿಸಿಕೊಂಡೆ. ಹಳೇ ಕಡತ ಸಾರ್, ಪೋಸ್ಟಲ್ ಆರ್ಡರ್ ಯಾರ ಹೆಸರಿಗೆ ಬರೆಯಬೇಕು? ತಹಶೀಲ್ದಾರ್ ಅಂತಲಾ?

---

ಹಳೇ ಕಡತ:

ಸಾರ್ವಜನಿಕ ಮಾಹಿತಿ ಅಧಿಕಾರಿ, ತಹಶೀಲ್ದಾರ್ ಕಚೇರಿ, ತಾಲೂಕಿನ ಹೆಸರು. ವ್ಯಕ್ತಿ ಹೆಸರು ಬೇಡ, ವರ್ಗವಾಗಿ ಹೋದರೆ ಅದೇ ನೆಪ ಮಾಡುತ್ತಾರೆ. ಪೋಸ್ಟಲ್ ಆರ್ಡರ್ ನಂಬರನ್ನು ಅರ್ಜಿಯೊಳಗೂ ಬರೆಯಿರಿ. ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಗೆ ಮುದ್ರೆ, ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್. ಚಿಕ್ಕಪ್ಪನ ಸಹಿ ಇರುವ ಹಾಳೆಯನ್ನು ಎರಡು ಜೆರಾಕ್ಸ್ ಮಾಡಿಸಿ ಬೇರೆ ಬೇರೆ ಮನೆಯಲ್ಲಿ ಇಡಿ. ಆ ಮನುಷ್ಯನ ಮೇಲೆ ಇವತ್ತು ಸಂಜೆಯಿಂದಲೇ ಒತ್ತಡ ಶುರುವಾಗುತ್ತದೆ, ನಾಳೆ ಬೆಳಿಗ್ಗೆ ಹೋಗಿ ಮಾತಾಡಿಸಿಕೊಂಡು ಬನ್ನಿ.